ಓದುಗರ ಪ್ರಶ್ನೆ: ಹತ್ತಿಯ ಹಣದಲ್ಲಿ ತೇಲಿ ಮುಳುಗಿದ ಬ್ಯಾಂಕ್ ಆಫ್ ಬಾಂಬೆ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಸ್ಟೇಟ್ ಬ್ಯಾಂಕಿನ ಮೂಲದ ಬಗ್ಗೆ ಉತ್ತರಿಸುವಾಗ, ಅದರ ಪೂರ್ವಜರಲ್ಲಿ ಒಂದಾದ ಬ್ಯಾಂಕ್ ಆಫ್ ಬಾಂಬೆ ಒಮ್ಮೆ ಪೂರ್ತಿ ಮುಳುಗಿ, ಅದೇ ಊರಿನಲ್ಲಿ ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಮತ್ತೆ ಎದ್ದಿತೆಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಸಾಗಿದ್ದೆವು. ಆ ಒಂದು ಸಾಲಿನ ಮೇಲೆಯೇ ಹಲವು ಪತ್ರಗಳು ಬಂದಿರುವುದರಿಂದ ಈ ಸಲದ ಅಂಕಣವನ್ನು ಆ ಬ್ಯಾಂಕಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಬ್ಯಾಂಕ್ ಆಫ್ ಬಾಂಬೆ ಸರ್ಕಾರದ ಬ್ಯಾಂಕಾಗಿತ್ತೇ, ವ್ಯಾಪಾರಿಗಳದೇ? ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧಕ್ಕೆ ಹಣ ಹೊಂದಿಸಲು ಇಂಗ್ಲಿಷರು ಈ ಬ್ಯಾಂಕುಗಳನ್ನು ಕಟ್ಟಿದರೆಂದು ಓದಿದ ನೆನಪಿದೆ. ಇದು ನಿಜವೇ? (ಮೈಸೂರಿನ ಓದುಗರು)

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಪ್ರೆಸಿಡೆನ್ಸಿ (ಬ್ರಿಟಿಷರ ಪ್ರಾಂತ್ಯ) ಬ್ಯಾಂಕುಗಳೆಂದು ಹೆಸರಾದ ಮೂರು ಬ್ಯಾಂಕುಗಳಲ್ಲಿ ಹಿರಿಯದು ಕಲ್ಕತ್ತೆಯದು. ಅದು 1806ರ ಜೂನ್ 2ರಂದು ಬ್ಯಾಂಕ್ ಆಫ್ ಕಲ್ಕಟ್ಟಾ ಎಂಬ ಹೆಸರಿನಲ್ಲಿ ಬಾಗಿಲು ತೆರೆದು, 1809ರಲ್ಲಿ ಸನ್ನದು ಪಡೆದು ಬ್ಯಾಂಕ್ ಆಫ್ ಬೆಂಗಾಲ್ ಆಯಿತು. ಟಿಪ್ಪು ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದದ್ದು 1799ರ ಮೇ 4ರಂದು. ಏಳು ವರ್ಷದ ಹಿಂದೆ ಮುಗಿದ ಯುದ್ಧಕ್ಕೆ ಹಣ ಹೊಂದಿಸಲು ಯಾರೂ ಬ್ಯಾಂಕು ಕಟ್ಟುವುದಿಲ್ಲ. ಆದರೆ ಈ ಮಾತು ಬುಡವಿಲ್ಲದ್ದೂ ಅಲ್ಲ. 1798ರಿಂದ 1805ರವರೆಗೆ ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿ ಮೈಸೂರಿನ ಮೇಲೂ ಆಮೇಲೆ ಮರಾಠರ ಮೇಲೂ ನಡೆಸಿದ ಯುದ್ಧಗಳಿಂದ ಈಸ್ಟ್ ಇಂಡಿಯಾ ಕಂಪನಿಯ ಸಾಲ ಬೆಟ್ಟದಷ್ಟು ಬೆಳೆದಿತ್ತು, ಕಂಪನಿಯ ಸಾಲಪತ್ರಗಳು ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಂಡಿದ್ದವು, ಆ ಪತ್ರಗಳಿಗೆ ಮರ್ಯಾದೆ ಉಳಿಸುವ ಒಂದು ಸಂಸ್ಥೆ ಸರ್ಕಾರಕ್ಕೆ ಬೇಕಾಗಿತ್ತು. ಯುದ್ಧ ಮಾಡಲು ಕಟ್ಟಿದ ಬ್ಯಾಂಕು ಎನ್ನುವುದಕ್ಕಿಂತ ಯುದ್ಧದ ಸಾಲ ಹೊರಲು ಕಟ್ಟಿದ ಬ್ಯಾಂಕು ಎಂದರೆ ಸರಿಯಾದೀತು.

ಬಾಂಬೆಯದು ಇದಾದ ಮೂರು ದಶಕಗಳ ನಂತರದ ಕತೆ. ಅದು 1840ರ ಏಪ್ರಿಲ್ 15ರಂದು ವ್ಯವಹಾರ ಆರಂಭಿಸಿತು. ಮದ್ರಾಸಿನದು 1843ರ ಜುಲೈ 1ರಂದು. ಬಾಂಬೆ ಬ್ಯಾಂಕಿನ ಬಂಡವಾಳ 52 ಲಕ್ಷ 25 ಸಾವಿರ ರೂಪಾಯಿ. ಅದರಲ್ಲಿ ಸರ್ಕಾರ ಹಾಕಿದ್ದು 3 ಲಕ್ಷ ಮಾತ್ರ; ಮಿಕ್ಕದ್ದನ್ನೆಲ್ಲ ಇಂಗ್ಲಿಷ್ ವ್ಯಾಪಾರಿಗಳು, ಪಾರ್ಸಿಗಳು, ಗುಜರಾತಿ ಸಾಹುಕಾರರು ಮುಂತಾದವರು ಹಾಕಿದ್ದರು. ಆದರೂ ಒಂಬತ್ತು ನಿರ್ದೇಶಕರಲ್ಲಿ ಮೂವರನ್ನು ಸರ್ಕಾರವೇ ನೇಮಿಸುತ್ತಿತ್ತು. ಹೀಗಾಗಿ ಹಣ ವ್ಯಾಪಾರಿಗಳದು, ಮುದ್ರೆ ಸರ್ಕಾರದ್ದು ಎಂಬಂಥ ಅರೆಸರ್ಕಾರಿ ಸ್ಥಿತಿ ಅದರದಾಗಿತ್ತು. ಸರ್ಕಾರ ಒಳಗಿದೆ ಎಂದಮೇಲೆ ಬ್ಯಾಂಕು ಮುಳುಗುವುದಿಲ್ಲವೆಂದು ಜನ ನಂಬಿದರು. ಮುಂದಿನ ಅನಾಹುತದಲ್ಲಿ ಈ ನಂಬಿಕೆಯ ಪಾಲೂ ಇತ್ತೆಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಈ ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತಿದ್ದವೇ? (ಬಳ್ಳಾರಿಯ ಓದುಗರು)

ಉತ್ತರ: ಹೌದು. ಬಾಂಬೆಗೆ 2 ಕೋಟಿ ರೂಪಾಯಿಯವರೆಗೆ, ಮದ್ರಾಸಿಗೆ 1 ಕೋಟಿಯವರೆಗೆ ನೋಟು ಹೊರಡಿಸುವ ಹಕ್ಕಿತ್ತು. ಬಾಂಬೆಯ ನೋಟುಗಳಲ್ಲಿ ಆ ನಗರದ ಟೌನ್ ಹಾಲಿನ ಚಿತ್ರವೂ, ಗವರ್ನರುಗಳಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಮತ್ತು ಜಾನ್ ಮಾಲ್ಕಂ ಅವರ ಚಿತ್ರಗಳೂ ಇರುತ್ತಿದ್ದವು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ನಿಮ್ಮ ಹಿರಿಯರ ಕೈಗೆ ನೋಟು ಸೇರಿದ್ದರೆ ಅದರಲ್ಲಿ ಇದ್ದಿರಬಹುದಾದದ್ದು ಮದ್ರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ ಅವರ ಚಿತ್ರ. ಬಳ್ಳಾರಿ ಸೀಮೆಯಲ್ಲಿ ಅವರ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ನೋಟು ಓಡಾಡುತ್ತಿದ್ದುದು ಹೆಚ್ಚಾಗಿ ಪ್ರಾಂತ್ಯದ ರಾಜಧಾನಿಗಳಲ್ಲಿ. ಒಳನಾಡಿನ ಸಂತೆಯಲ್ಲಿ ಬೆಳ್ಳಿ ರೂಪಾಯಿಯನ್ನು ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳಿಯೇ ಜನ ಪಡೆಯುತ್ತಿದ್ದರು.

1861ರ ಕಾಗದ ಹಣದ ಕಾಯಿದೆ 1862ರ ಮಾರ್ಚ್ 1ರಿಂದ ಜಾರಿಗೆ ಬಂದು ಈ ಹಕ್ಕನ್ನು ಬ್ಯಾಂಕುಗಳಿಂದ ಕಿತ್ತುಕೊಂಡಿತು. ಅದಕ್ಕೆ ಬದಲಾಗಿ ಖಜಾನೆಯ ಹಣವನ್ನು ಬಡ್ಡಿಯಿಲ್ಲದೆ ಇಟ್ಟುಕೊಂಡು ಬಳಸುವ ಅನುಕೂಲವನ್ನು ಸರ್ಕಾರ ಅವಕ್ಕೆ ಮಾಡಿಕೊಟ್ಟಿತು. ಹೊಸ ಸರ್ಕಾರಿ ನೋಟೂ ಎಲ್ಲೆಡೆ ಸಲ್ಲುತ್ತಿರಲಿಲ್ಲ. ನೋಟಿನ ಚಲಾವಣೆಗಾಗಿ ದೇಶವನ್ನು ವೃತ್ತಗಳಾಗಿ ವಿಂಗಡಿಸಿದ್ದರು; ಯಾವ ವೃತ್ತದ ನೋಟೋ ಆ ವೃತ್ತದಲ್ಲಿ ಮಾತ್ರ ಅದಕ್ಕೆ ಕಾನೂನಿನ ಬಲ. ಅಂಚೆಯಲ್ಲಿ ಕಳಿಸುವವರು ಕಳ್ಳರ ಭಯದಿಂದ ನೋಟನ್ನು ನಡುವೆ ಕತ್ತರಿಸಿ, ಮೊದಲ ಅರ್ಧ ತಲುಪಿದ ಸುದ್ದಿ ಬಂದಮೇಲೆ ಇನ್ನರ್ಧವನ್ನು ಕಳಿಸುತ್ತಿದ್ದರು.

1862ರ ಈ ತಾರೀಖನ್ನು ನೆನಪಿನಲ್ಲಿಡಿ. ನೋಟಿನ ಲಾಭ ಕೈತಪ್ಪಿ, ಖಜಾನೆಯ ಹಣ ಕೈಸೇರಿ, ಲಾಭಕ್ಕೆ ಬೇರೆ ದಾರಿ ಹುಡುಕುತ್ತಿದ್ದ ಬ್ಯಾಂಕಿನ ಎದುರು ಹತ್ತಿಯ ಹಣ ಬಂದು ನಿಂತದ್ದು ಆ ಹೊತ್ತಿನಲ್ಲೇ.

ಪ್ರಶ್ನೆ: ಅಮೆರಿಕದಲ್ಲಿ ಯುದ್ಧ ನಡೆದಾಗ ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತೆಂದೂ ರೈತರು ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹಾಕಿಸಿದ್ದರೆಂದೂ ಅಜ್ಜ ಹೇಳುತ್ತಿದ್ದರು. ಆ ಹತ್ತಿಗೂ ಈ ಬ್ಯಾಂಕಿಗೂ ಸಂಬಂಧವಿತ್ತೇ? (ಹುಬ್ಬಳ್ಳಿಯ ಓದುಗರು)

ಉತ್ತರ: ನೇರವಾದ ಸಂಬಂಧವಿತ್ತು. 1861ರ ಏಪ್ರಿಲಿನಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಆರಂಭವಾಗಿ, ದಕ್ಷಿಣದ ಬಂದರುಗಳನ್ನು ಉತ್ತರದ ನೌಕಾಪಡೆ ಮುಚ್ಚಿದಾಗ, ಇಂಗ್ಲೆಂಡಿನ ಲ್ಯಾಂಕಾಷೈರಿನ ಬಟ್ಟೆ ಗಿರಣಿಗಳಿಗೆ ಹತ್ತಿ ಬರುವುದು ನಿಂತುಹೋಯಿತು. ಗಿರಣಿಯ ಮಾಲೀಕರ ಕಣ್ಣು ಬಾಂಬೆಯ ಕಡೆ ತಿರುಗಿತು. ಯುದ್ಧದ ವರ್ಷಗಳಲ್ಲಿ ಬಾಂಬೆಗೆ ಮಾಮೂಲಿಗಿಂತ ಹೆಚ್ಚಾಗಿ ಹರಿದುಬಂದ ಹಣ ಸುಮಾರು 8 ಕೋಟಿ ಪೌಂಡು, ಅಂದರೆ ಆ ಕಾಲದ 80 ಕೋಟಿ ರೂಪಾಯಿ ಎಂದು ಅಂದಿನ ಬರಹಗಾರರು ಲೆಕ್ಕ ಹಾಕಿದ್ದರು.

ಈ ಹತ್ತಿಯಲ್ಲಿ ಧಾರವಾಡ ಜಿಲ್ಲೆಯದು ಎರಡು ಬಗೆ. 1840ರ ದಶಕದಲ್ಲಿ ಅಮೆರಿಕದ ಬೀಜ ತಂದು ನಡೆಸಿದ ಪ್ರಯೋಗಗಳಿಂದ ಬೆಳೆದು ಬಂದು, ಗರಗಸದ ಹಲ್ಲಿನ ಯಂತ್ರದಲ್ಲಿ ಬಿಡಿಸುತ್ತಿದ್ದ ‘ಧಾರವಾರ್ ಅಮೆರಿಕನ್’ ಒಂದು. ನಮ್ಮ ಜವಾರಿ ಹತ್ತಿ ಇನ್ನೊಂದು. ಜವಾರಿ ಹತ್ತಿಯನ್ನು ಹೆಂಗಸರು ಕಲ್ಲಿನ ಮೇಲೆ ಹರಡಿ, ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿ ಕಾಳು ಬೇರೆ ಅರಳೆ ಬೇರೆ ಮಾಡುತ್ತಿದ್ದರು. ಲಿವರ್‌ಪೂಲಿನ ದರಪಟ್ಟಿಯಲ್ಲಿ ಈ ಜವಾರಿ ಹತ್ತಿಗೆ ಇದ್ದ ಹೆಸರು ‘ಕುಮಟಾ’. ಸಮುದ್ರದಂಡೆಯ ಕುಮಟೆಯಲ್ಲಿ ಈ ಹತ್ತಿಯ ಗಿಡ ಬೆಳೆಯುವುದಿಲ್ಲ. ಆದರೆ ಹುಬ್ಬಳ್ಳಿ-ಗದಗಿನ ಅಂಡಿಗೆಗಳು ಎತ್ತಿನ ಬಂಡಿಯಲ್ಲಿ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು, ಕುಮಟೆಯಲ್ಲಿ ಪತ್ತೆಮಾರಿ ಎಂಬ ಹಾಯಿಹಡಗನ್ನೇರಿ ಬಾಂಬೆಗೆ ಹೋಗುತ್ತಿದ್ದವು. ಸುತ್ತಲ ಸೀಮೆಯ ಮೆಣಸಿನಕಾಯಿಗೆ ಪೇಟೆಯಾದ ಬ್ಯಾಡಗಿಯ ಹೆಸರು ನಿಂತ ಹಾಗೆ ಇದು.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬೇರ್ಪಡಿಸಿ ಬಾಂಬೆಗೆ ಸೇರಿಸಿದ್ದಕ್ಕೂ ಇದೇ ಹತ್ತಿ ಮುಖ್ಯ ಕಾರಣ. ಬೆಳೆಯುವ ಜಿಲ್ಲೆ ಬಾಂಬೆಯ ಕೈಯಲ್ಲಿ, ಸಾಗಿಸುವ ಬಂದರು ಮದ್ರಾಸಿನ ಕೈಯಲ್ಲಿ ಇದ್ದರೆ ಕಾರವಾರ ಬಂದರೂ ಘಟ್ಟದ ರಸ್ತೆಗಳೂ ಬೆಳೆಯುವುದಿಲ್ಲವೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಾಯಿಸುತ್ತಿದ್ದರು. ಒಂದು ಜಿಲ್ಲೆ 1956ರ ತನಕ ಯಾವ ಪ್ರಾಂತ್ಯದಲ್ಲಿರಬೇಕೆಂಬುದು ಲ್ಯಾಂಕಾಷೈರಿನ ನೂಲಿನ ಲೆಕ್ಕದಲ್ಲಿ ತೀರ್ಮಾನವಾಯಿತೆಂದರೆ ಅತಿಶಯೋಕ್ತಿಯಲ್ಲ.

ಬೆಳ್ಳಿಯ ಗಾಲಿಪಟ್ಟಿಯ ಕತೆ ಮಧ್ಯಪ್ರಾಂತ್ಯದ ಹತ್ತಿ ಸೀಮೆಯ ಬಗ್ಗೆಯೂ ಪ್ರಚಾರದಲ್ಲಿದೆ. ಹೊಸ ಹಣ ಬಂದ ಕಡೆಯೆಲ್ಲ ಇಂಥ ಕತೆ ಹುಟ್ಟುತ್ತದೆ. ಹಣ ಹಳ್ಳಿಗೆ ಬಂದದ್ದು ಮಾತ್ರ ನಿಜ. ಬಾಂಬೆಯ ರಫ್ತುದಾರರಿಂದ ದಲಾಲರಿಗೆ, ಅವರಿಂದ ಹುಂಡಿಯ (ಸಾಹುಕಾರರ ಹಣದ ಚೀಟಿಯ) ಮೂಲಕ ಹುಬ್ಬಳ್ಳಿಯ ಅಡತಿ ಅಂಗಡಿಗಳಿಗೆ, ಅಲ್ಲಿಂದ ಮುಂಗಡದ ರೂಪದಲ್ಲಿ ರೈತರಿಗೆ ಅದು ಇಳಿದು ಬರುತ್ತಿತ್ತು. ಆಸೆಯೂ ಅದರೊಂದಿಗೇ ಇಳಿಯಿತು. ತೂಕ ಹೆಚ್ಚಿಸಲು ಅರಳೆಯಲ್ಲಿ ಕಾಳು, ಮಣ್ಣು, ನೀರು ಬೆರೆಸುವುದು ಎಷ್ಟು ಬೆಳೆಯಿತೆಂದರೆ, ಅದನ್ನು ತಡೆಯಲೆಂದೇ ಬಾಂಬೆ ಸರ್ಕಾರ 1863ರಲ್ಲಿ ಹತ್ತಿ ವಂಚನೆಯ ಕಾಯಿದೆ ತರಬೇಕಾಯಿತು.

ಪ್ರಶ್ನೆ: ಇಷ್ಟು ಹಣ ಹರಿದುಬಂದ ಮೇಲೆ ಬ್ಯಾಂಕು ಬೆಳೆಯಬೇಕಿತ್ತು. ಮುಳುಗಿದ್ದು ಹೇಗೆ? (ಬೆಂಗಳೂರಿನ ಓದುಗರು)

ಉತ್ತರ: ಬೆಳೆಯಿತು. ಬೆಳೆದದ್ದರಿಂದಲೇ ಮುಳುಗಿತು.

1840ರ ಮೂಲ ಕಾಯಿದೆ ಬ್ಯಾಂಕಿನ ಕೈಕಾಲು ಕಟ್ಟಿಹಾಕಿತ್ತು. ಸಾಲದ ಅವಧಿ ಮೂರು ತಿಂಗಳು ಮೀರುವಂತಿರಲಿಲ್ಲ, ಭೂಮಿಯ ಅಡಮಾನ ಕೂಡದು, ಈಸ್ಟ್ ಇಂಡಿಯಾ ಕಂಪನಿಯ ಸಾಲಪತ್ರವೋ ಚಿನ್ನಬೆಳ್ಳಿಯೋ ಕೆಡದ ಸರಕೋ ಒತ್ತೆ ಇರಬೇಕು. ನೋಟಿನ ಹಕ್ಕು ಹೋದ ಮೇಲೆ ಹೊಸ ಕಾಯಿದೆ ಬೇಕಾಯಿತು. 1863ರಲ್ಲಿ ಬಾಂಬೆಯ ಶಾಸನ ಸಭೆ ರಚಿಸಿದ ಆ ಹೊಸ ಕಾಯಿದೆಯಲ್ಲಿ ಹಳೆಯ ಕಟ್ಟುಗಳಲ್ಲಿ ಹಲವು ಸಡಿಲವಾದವು. ಕಂಪನಿಗಳ ಷೇರುಗಳನ್ನು ಒತ್ತೆ ಇಟ್ಟುಕೊಂಡು ಸಾಲ ಕೊಡಲು ದಾರಿಯಾಯಿತು. ಕಾಯಿದೆಯ ಕರಡನ್ನು ನುರಿತ ಕಾನೂನು ತಜ್ಞರು ಸರಿಯಾಗಿ ನೋಡಿರಲಿಲ್ಲವೆಂಬುದು ಆಮೇಲಿನ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ.

ಅದೇ ಹೊತ್ತಿಗೆ ಬಾಂಬೆಯಲ್ಲಿ ಕಂಪನಿ ಕಟ್ಟುವುದು ಒಂದು ಹುಚ್ಚಾಗಿತ್ತು. 1865ರ ಆರಂಭದ ಹೊತ್ತಿಗೆ ನಗರದಲ್ಲಿ 31 ಬ್ಯಾಂಕುಗಳು, 16 ಹಣಕಾಸು ಸಂಸ್ಥೆಗಳು, 8 ಭೂ ಕಂಪನಿಗಳು ಹುಟ್ಟಿಕೊಂಡಿದ್ದವು. ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡುತ್ತೇವೆಂದು ಹೊರಟ ಬ್ಯಾಕ್ ಬೇ ಕಂಪನಿಯ 5 ಸಾವಿರ ರೂಪಾಯಿಯ ಷೇರು, ಒಂದು ಅಡಿ ನೆಲ ಸಿದ್ಧವಾಗುವ ಮೊದಲೇ, ಸುಮಾರು ಹತ್ತು ಪಟ್ಟಿಗೆ ಮಾರಾಟವಾಯಿತು. ಈ ಹುಚ್ಚಿನ ನಡುವೆ ಕುಳಿತಿದ್ದವರು ಪ್ರೇಮಚಂದ್ ರಾಯಚಂದ್. 1831ರಲ್ಲಿ ಸೂರತ್ತಿನಲ್ಲಿ ಹುಟ್ಟಿದ ಈ ಜೈನ ದಲಾಲರು ಆಗಿನ್ನೂ ಮೂವತ್ತರ ಆಸುಪಾಸಿನವರು. ಯಾವ ಕಂಪನಿಯ ಷೇರು ಯಾರಿಗೆ ಎಷ್ಟು ಎಂಬುದು ಅವರ ಮಾತಿನ ಮೇಲೆ ನಡೆಯುತ್ತಿತ್ತು. ಬ್ಯಾಂಕ್ ಆಫ್ ಬಾಂಬೆಯ ಒಳಗೂ ಅವರ ಮಾತೇ ನಡೆಯಿತು.

ಯಂತ್ರ ತಿರುಗುತ್ತಿದ್ದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬ ವ್ಯಾಪಾರಿ ಒಂದು ಹೊಸ ಕಂಪನಿಯ ಷೇರು ತಂದು ಬ್ಯಾಂಕಿನಲ್ಲಿ ಒತ್ತೆ ಇಟ್ಟು ಸಾಲ ಪಡೆಯುತ್ತಾನೆ. ಆ ಸಾಲದಿಂದ ಇನ್ನೊಂದು ಕಂಪನಿಯ ಷೇರು ಕೊಳ್ಳುತ್ತಾನೆ. ಕೊಳ್ಳುವವರು ಹೆಚ್ಚಿದ್ದರಿಂದ ಎರಡೂ ಷೇರುಗಳ ಬೆಲೆ ಏರುತ್ತದೆ. ಬೆಲೆ ಏರಿದ್ದರಿಂದ ಒತ್ತೆಯ ಮೌಲ್ಯ ಹೆಚ್ಚಾಗಿ ಮತ್ತಷ್ಟು ಸಾಲ ಸಿಗುತ್ತದೆ. ಬ್ಯಾಂಕಿನ ಹಣವೇ ಷೇರಿನ ಬೆಲೆಯನ್ನು ಏರಿಸುತ್ತಿತ್ತು, ಏರಿದ ಆ ಬೆಲೆಯನ್ನೇ ಬ್ಯಾಂಕು ತನ್ನ ಭದ್ರತೆಯೆಂದು ಬರೆದುಕೊಳ್ಳುತ್ತಿತ್ತು. ಕೊನೆಕೊನೆಗೆ ಒತ್ತೆಯೂ ಇಲ್ಲದೆ, ಬರೀ ಒಂದು ಸಹಿಯ ಪ್ರಾಮಿಸರಿ ನೋಟಿನ ಮೇಲೆ ಲಕ್ಷಗಟ್ಟಲೆ ಹಣ ಹೊರಹೋಯಿತು. ಬ್ಯಾಂಕು ತನ್ನ ಬಂಡವಾಳವನ್ನು ಎರಡು ಸಲ ದುಪ್ಪಟ್ಟು ಮಾಡಿಕೊಂಡು 52 ಲಕ್ಷ 25 ಸಾವಿರದಿಂದ 2 ಕೋಟಿ 9 ಲಕ್ಷಕ್ಕೆ ಏರಿಸಿದ್ದೂ ಈ ಅವಧಿಯಲ್ಲೇ.

1865ರ ಏಪ್ರಿಲ್ 9ರಂದು ದಕ್ಷಿಣ ರಾಜ್ಯಗಳ ಸೇನಾಪತಿ ಲೀ ಶರಣಾದರು. ಅಮೆರಿಕದ ಹತ್ತಿ ಮತ್ತೆ ಬರುತ್ತದೆಂದಾಗ ಬಾಂಬೆಯ ಹತ್ತಿಯ ಬೆಲೆ ಕುಸಿಯಿತು. ಷೇರುಗಳ ವಾಯಿದೆ ವ್ಯಾಪಾರಗಳೆಲ್ಲ ತೀರುವಳಿಯಾಗಬೇಕಾಗಿದ್ದ ದಿನ 1865ರ ಜುಲೈ 1. ಕೊಳ್ಳುತ್ತೇನೆಂದು ಒಪ್ಪಿದವರ ಬಳಿ ಹಣವಿರಲಿಲ್ಲ, ಕೊಡುತ್ತೇನೆಂದವರ ಷೇರಿಗೆ ಬೆಲೆಯಿರಲಿಲ್ಲ. ಸಾಲಾಗಿ ದಿವಾಳಿಗಳು ಬಿದ್ದವು. 1866ರ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಎಂಬ ಹಣಕಾಸು ಸಂಸ್ಥೆ ಕುಸಿದದ್ದು ಉಳಿದವರನ್ನೂ ಎಳೆದುಕೊಂಡು ಹೋಯಿತು. ಅದೇ ವರ್ಷ ಪ್ರೇಮಚಂದರೂ ದಿವಾಳಿಯಾದರು. ಬ್ಯಾಂಕ್ ಆಫ್ ಬಾಂಬೆ ತಕ್ಷಣ ಬೀಳಲಿಲ್ಲ. ಸರ್ಕಾರದ ಬೆಂಬಲದಿಂದ ಕುಂಟುತ್ತ 1868ರವರೆಗೆ ಬಂದು, ಆ ವರ್ಷ ಬಾಗಿಲು ಮುಚ್ಚಿತು. 2 ಕೋಟಿ 9 ಲಕ್ಷದ ಬಂಡವಾಳದಲ್ಲಿ ಸುಮಾರು 1 ಕೋಟಿ 89 ಲಕ್ಷ ಕರಗಿಹೋಗಿತ್ತು.

ಪ್ರಶ್ನೆ: ಯಾರಿಗಾದರೂ ಶಿಕ್ಷೆಯಾಯಿತೇ? ಮುಂಬೈಯ ರಾಜಾಬಾಯಿ ಗಡಿಯಾರ ಗೋಪುರ ಈ ಬ್ಯಾಂಕಿನ ಹಣದಿಂದ ಕಟ್ಟಿದ್ದೆಂಬ ಮಾತು ನಿಜವೇ? (ಮುಂಬೈಯ ಕನ್ನಡಿಗ ಓದುಗರು)

ಉತ್ತರ: 1868ರಲ್ಲಿ ಸರ್ ಚಾರ್ಲ್ಸ್ ಜ್ಯಾಕ್ಸನ್ ಅವರ ಅಧ್ಯಕ್ಷತೆಯಲ್ಲಿ ಒಂದು ಆಯೋಗ ನೇಮಕವಾಯಿತು. ಕಟ್ಟು ಸಡಿಲಿಸಿದ 1863ರ ಕಾಯಿದೆ, ಅದು ಕೊಟ್ಟ ಅಧಿಕಾರವನ್ನು ದುರುಪಯೋಗಪಡಿಸಿಕೊಂಡ ಕಾರ್ಯದರ್ಶಿಗಳು, ಕಣ್ಣುಮುಚ್ಚಿ ಕುಳಿತ ನಿರ್ದೇಶಕರು, ಕಾಲದ ವಿಪರೀತ, ಇವೆಲ್ಲವನ್ನೂ ಅದು ಕಾರಣಗಳೆಂದು ಎಣಿಸಿತು. ಕಾಯುವುದಕ್ಕೆ ನೇಮಿಸಿದ ಬೇಲಿಯೇ ಎದ್ದು ಹೊಲ ಮೇದಿತ್ತು. ಆದರೆ ನಷ್ಟ ಬಿದ್ದದ್ದು ಷೇರುದಾರರ ತಲೆಯ ಮೇಲೆ. ಸರ್ಕಾರ ಇದ್ದಮೇಲೆ ಭಯವಿಲ್ಲವೆಂದು ಷೇರು ಕೊಂಡವರು ಅವರಲ್ಲಿದ್ದರೆಂಬುದನ್ನು ಮರೆಯಬಾರದು.

ಗೋಪುರದ ಮಾತಿಗೆ ಬಂದರೆ, ಪ್ರೇಮಚಂದ್ ರಾಯಚಂದ್ ಬಾಂಬೆ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯಕ್ಕೆಂದು 2 ಲಕ್ಷ, ತಾಯಿಯ ಹೆಸರಿನ ಗೋಪುರಕ್ಕೆಂದು 2 ಲಕ್ಷ ಕೊಡಲು ಮುಂದಾದದ್ದು 1864ರಲ್ಲಿ, ಅಂದರೆ ಕುಸಿತಕ್ಕೆ ಮೊದಲು. ಅವರ ಸಂಪತ್ತೂ ಬ್ಯಾಂಕಿನ ಸಾಲವೂ ಅಷ್ಟರಮಟ್ಟಿಗೆ ಹೆಣೆದುಕೊಂಡಿದ್ದವೆಂಬ ಅರ್ಥದಲ್ಲಿ ಮಾತು ಪೂರ್ತಿ ಸುಳ್ಳಲ್ಲ. ಆದರೆ ಬ್ಯಾಂಕಿನ ಹಣವೆತ್ತಿ ಗೋಪುರ ಕಟ್ಟಿದರೆಂಬುದು ಸರಿಯಲ್ಲ. ದಾನವಾಗಿ ಕೊಟ್ಟದ್ದು ವಿಶ್ವವಿದ್ಯಾಲಯದ ಬಳಿ ಉಳಿಯಿತು, ಇಟ್ಟುಕೊಂಡದ್ದು ಹೋಯಿತು. ಕಟ್ಟಡ ಮುಗಿದದ್ದು 1878ರಲ್ಲಿ. ಕಣ್ಣು ಕಾಣದ ತಾಯಿಗೆ ಸೂರ್ಯಾಸ್ತಕ್ಕೆ ಮುಂಚೆ ಊಟ ಮಾಡಲು ಗಂಟೆಯ ಸದ್ದು ಕೇಳಲೆಂದು ಗೋಪುರ ಕಟ್ಟಿಸಿದರೆಂಬ ಕತೆಯನ್ನು ಮುಂಬೈಯಲ್ಲಿ ನೀವೂ ಕೇಳಿರುತ್ತೀರಿ. ಪ್ರೇಮಚಂದ್ ಕುಸಿತದ ನಂತರ ನಲವತ್ತು ವರ್ಷ ಬದುಕಿ 1906ರಲ್ಲಿ ತೀರಿಕೊಂಡರು.

ಪ್ರಶ್ನೆ: ಈ ಕುಸಿತದಿಂದ ದಕ್ಷಿಣ ಕನ್ನಡದಂಥ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳ ಮೇಲೆ ಏನಾದರೂ ಪರಿಣಾಮವಾಯಿತೇ? ಆ ಬ್ಯಾಂಕು ಮುಂದೆ ಏನಾಯಿತು? (ಉಡುಪಿಯ ಓದುಗರು)

ಉತ್ತರ: 1868ರಲ್ಲೇ 1 ಕೋಟಿ ರೂಪಾಯಿ ಬಂಡವಾಳದಿಂದ ನ್ಯೂ ಬ್ಯಾಂಕ್ ಆಫ್ ಬಾಂಬೆ ಆರಂಭವಾಯಿತು. ಮುಂದೆ ‘ನ್ಯೂ’ ಎಂಬುದು ಉದುರಿ ಹಳೆಯ ಹೆಸರೇ ಉಳಿಯಿತು. 1921ರ ಜನವರಿ 27ರಂದು ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳೂ ಸೇರಿ ಇಂಪೀರಿಯಲ್ ಬ್ಯಾಂಕ್ ಆಫ್ ಇಂಡಿಯಾ ಆದವು. ಅದು 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು. ಹೆಸರುಗಳ ಈ ಸರಣಿ ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ.

ಹೆಚ್ಚು ಮುಖ್ಯವಾದದ್ದು 1876ರ ಪ್ರೆಸಿಡೆನ್ಸಿ ಬ್ಯಾಂಕುಗಳ ಕಾಯಿದೆ. ಬಾಂಬೆಯ ಪೆಟ್ಟು ತಿಂದ ಸರ್ಕಾರ ಮೂರೂ ಬ್ಯಾಂಕುಗಳಲ್ಲಿದ್ದ ತನ್ನ ಷೇರುಗಳನ್ನು ಬಿಟ್ಟುಕೊಟ್ಟಿತು, ನಿರ್ದೇಶಕರ ನೇಮಕವನ್ನು ನಿಲ್ಲಿಸಿತು, ಖಜಾನೆಯ ಹಣದ ಒಂದು ಭಾಗವನ್ನು ತಾನೇ ಇಟ್ಟುಕೊಳ್ಳತೊಡಗಿತು. ಹಳೆಯ ಕಟ್ಟುಗಳೆಲ್ಲ ಮರಳಿ ಬಂದವು: ಅಲ್ಪಾವಧಿಯ ಸಾಲ ಮಾತ್ರ, ಭೂಮಿಯ ಅಡಮಾನವಿಲ್ಲ, ಒತ್ತೆಯಿಲ್ಲದಿದ್ದರೆ ಪತ್ರಕ್ಕೆ ಎರಡು ಬೇರೆ ಬೇರೆ ಕುಳಗಳ ಸಹಿ, ವಿದೇಶಿ ವಿನಿಮಯದ ವ್ಯವಹಾರವಿಲ್ಲ. ಬ್ಯಾಂಕು ಉಳಿಯಲು ಇವೆಲ್ಲ ಒಳ್ಳೆಯ ನಿಯಮಗಳೇ. ಆದರೆ ಮೂರು ತಿಂಗಳಲ್ಲಿ ಯಾವ ಗದ್ದೆಯ ಬೆಳೆಯೂ ಕೈಗೆ ಬಂದು ಮಾರಾಟವಾಗುವುದಿಲ್ಲ, ರೈತನ ಬಳಿ ಭೂಮಿಯಲ್ಲದೆ ಬೇರೆ ಒತ್ತೆಯೂ ಇರುವುದಿಲ್ಲ. ಹತ್ತಿಯ ಕಾಲದಲ್ಲಿ ಧಾರಾಳವಾಗಿ ಸಾಲ ಕೊಟ್ಟ ಸಾಹುಕಾರರು ಬೆಲೆ ಬಿದ್ದಮೇಲೆ ಕೈ ಬಿಗಿಹಿಡಿದದ್ದರಿಂದ ಹುಟ್ಟಿದ ಸಿಟ್ಟು, ಏರಿದ ಕಂದಾಯದ ಭಾರವೂ ಕೂಡಿಕೊಂಡು, 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪಾ ಎಂಬ ಹಳ್ಳಿಯಲ್ಲಿ ಸಾಲಪತ್ರಗಳನ್ನು ಸುಡುವ ಗಲಭೆಯಾಗಿ ಸಿಡಿದಿತ್ತು. ಅದರ ಮರುವರ್ಷ ಬಂದ ಈ ಕಾಯಿದೆಯ ಬ್ಯಾಂಕಿನಲ್ಲಿ ಅಂಥ ರೈತನಿಗೆ ಜಾಗವೇ ಇರಲಿಲ್ಲ.

ನಿಮ್ಮ ಜಿಲ್ಲೆಯಲ್ಲಿ ಬ್ಯಾಂಕ್ ಆಫ್ ಮದ್ರಾಸಿನ ಶಾಖೆ ಇದ್ದದ್ದು ಮಂಗಳೂರಿನಲ್ಲಿ, ಅದೂ ಹೆಚ್ಚಾಗಿ ತೋಟದ ಬೆಳೆಗಳ ವ್ಯಾಪಾರ ಮಾಡುತ್ತಿದ್ದ ಇಂಗ್ಲಿಷ್ ಸಂಸ್ಥೆಗಳ ಅನುಕೂಲಕ್ಕೆ. ಅದರ ಏಜೆಂಟರು ವ್ಯವಹಾರಕ್ಕೆಂದು ಹದಿನೈದು ದಿನಕ್ಕೊಮ್ಮೆ ಉಡುಪಿಗೆ ಬಂದು ಹೋಗುತ್ತಿದ್ದರು. ಮಿಕ್ಕ ಹದಿನಾಲ್ಕು ದಿನ ಊರಿಗೆ ಸಾಹುಕಾರರೇ ಗತಿ. ಆ ಖಾಲಿ ಜಾಗದಲ್ಲೇ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಹುಟ್ಟಿತು. ಅದಕ್ಕೂ ಕೆಲವು ತಿಂಗಳ ಮೊದಲು, ಮಾರ್ಚ್ 12ರಂದು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ 5 ಸಾವಿರ ರೂಪಾಯಿ ಬಂಡವಾಳದ ಇನ್ನೊಂದು ಬ್ಯಾಂಕು ಬಾಗಿಲು ತೆರೆದಿತ್ತು. ಮುಂದೆ ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾದದ್ದು ಅದೇ. ಮೊದಲ ದಿನದ ಕೊನೆಗೆ ಅದರ ಬಳಿ ಕೂಡಿದ್ದ ಹಣ 38 ರೂಪಾಯಿ 13 ಆಣೆ 2 ಪೈ.